ಬೆಟ್ಟ ಕಾಣುವ ಮೇಜು, ತೊಟ್ಟಿಯಿಂದ ನೇರ ಬಿಯರ್: ಮೈಸೂರು–ಮಂಡ್ಯದಲ್ಲಿ ಮೂರು ದಿನ

ಮೈಸೂರಿನ ಆಗ್ನೇಯಕ್ಕೆ ಚಾಮುಂಡಿ ಬೆಟ್ಟ ಒಂಟಿಯಾಗಿ ಎದ್ದು ನಿಂತಿದೆ. ಊರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದ್ದರೆ ಬೆಟ್ಟದ ತುದಿ ಸುಮಾರು 1,060 ಮೀಟರ್. ನಡುವೆ ಅಡ್ಡ ಬರುವ ಬೇರೆ ಗುಡ್ಡವಿಲ್ಲದ ಕಾರಣ ಊರಿನ ಬಹುತೇಕ ಕಡೆ ಮೂರನೇ ಮಹಡಿ ಹತ್ತಿದರೆ ಬೆಟ್ಟ ಬುಡದಿಂದ ತುದಿಯವರೆಗೂ ಕಣ್ಣಿಗೆ ಸಿಗುತ್ತದೆ. ತಾರಸಿಯ ಮೇಲೆ ಮೇಜು ಹಾಕಿ, ಕೆಳಗೆ ಸ್ಟೀಲ್ ತೊಟ್ಟಿಗಳನ್ನಿಟ್ಟು ಅಲ್ಲೇ ಬಿಯರ್ ತಯಾರಿಸಿ ಬಡಿಸುವ ಹೋಟೆಲಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ಈ ಮೂರು ದಿನದ ದಾರಿ ಹಾಕಿರುವುದು ಒಂದೇ ಪ್ರಶ್ನೆಗೆ: ಗ್ಲಾಸಿಗೆ ಬಂದ ಬಿಯರಿನಲ್ಲಿ ಈ ಸೀಮೆಯದು ಎಷ್ಟಿದೆ? ಬಾರ್ಲಿ ರಾಜಸ್ಥಾನ, ಹರಿಯಾಣದ ಕಡೆಯದು. ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಬಹುಪಾಲು ಜರ್ಮನಿ, ಅಮೆರಿಕದಿಂದ ಬರುತ್ತದೆ. ಹಾಪ್ಸ್ ಬಳ್ಳಿ ಚೆನ್ನಾಗಿ ಹೂ ಬಿಡಲು ಬೇಸಿಗೆಯಲ್ಲಿ ಹದಿನೈದು ಗಂಟೆಯಷ್ಟು ಉದ್ದದ ಹಗಲು ಬೇಕು. ಮೈಸೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಇಲ್ಲಿನದು ಎಂದು ಹೇಳಬಹುದಾದ್ದು ನೀರು, ರಾಗಿ, ಬೆಲ್ಲ, ಭತ್ತದ ಹೊಟ್ಟು. ಇವೆಲ್ಲಕ್ಕಿಂತ ಮುಖ್ಯವಾಗಿ ತಾಜಾತನ. ಆದ್ದರಿಂದ ಮೆನುವಿನಲ್ಲಿ ರಾಗಿ ಅಥವಾ ಬೆಲ್ಲದ ಬಿಯರ್ ಇರುವ, ತೊಟ್ಟಿಗಳು ಗಾಜಿನಾಚೆ ಕಣ್ಣಿಗೆ ಕಾಣುವ ಜಾಗವನ್ನೇ ಆರಿಸಿಕೊಳ್ಳಿ.

ಹೊರಡುವ ದಿನ ಸೋಮವಾರವಾಗಿರಲಿ. ಮಂಗಳವಾರ, ಶುಕ್ರವಾರ ದೇವಿಯ ವಾರವೆಂದು ಬೆಟ್ಟದಲ್ಲಿ ಜನ ಹೆಚ್ಚು. ಶನಿವಾರ, ಭಾನುವಾರ ಹೋಟೆಲಿನಲ್ಲಿ ಬೆಟ್ಟದ ಕಡೆಯ ಮೇಜು ಸಿಗುವುದಿಲ್ಲ. ವಾರಾಂತ್ಯದಲ್ಲಿ ಖಾಲಿಯಾದ ತೊಟ್ಟಿ ತುಂಬಲು ಹೊಸ ಬ್ರೂ (ಒಂದು ಸಲಕ್ಕೆ ಕುದಿಸುವ ಬಿಯರ್) ಹಾಕುವುದು ಸಾಮಾನ್ಯವಾಗಿ ವಾರದ ನಡುವೆ. ಸೋಮವಾರ ಬಂದವರಿಗೆ ಬುಧವಾರದ ಬ್ರೂ ನೋಡಲು ಸಿಗುತ್ತದೆ. ಬೆಂಗಳೂರಿನಿಂದ ಬೈಕಿನಲ್ಲಿ ಬರುವವರು ನೆನಪಿಡಬೇಕಾದ್ದು, ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ರೈಲಿನಲ್ಲಿ ಬಂದರೆ ಇನ್ನೂ ಒಳ್ಳೆಯದು, ಸಂಜೆ ಗಾಡಿ ಓಡಿಸುವ ಚಿಂತೆಯೇ ಇರುವುದಿಲ್ಲ.

ಮೊದಲ ದಿನ, ಸೋಮವಾರ

ಬೆಳಗಿನ ಆರಕ್ಕೆ ಮೊದಲೇ ಬೆಟ್ಟದ ಪಾದ ಸೇರಬೇಕು. ಒಂದು ಸಾವಿರ ಚಿಲ್ಲರೆ ಮೆಟ್ಟಿಲು. ಕಡಿದಾದ ಏರು ಮೊದಲ ಭಾಗದಲ್ಲೇ ಇದೆ, ಅಲ್ಲಿ ಓಡಿದವರು ಅರ್ಧಕ್ಕೇ ಕೂರುತ್ತಾರೆ. ಸುಮಾರು ಏಳುನೂರನೇ ಮೆಟ್ಟಿಲ ಬಳಿ ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿ, ಹದಿನೈದು ಅಡಿ ಎತ್ತರ, ಇಪ್ಪತ್ನಾಲ್ಕು ಅಡಿ ಉದ್ದ. ಅಲ್ಲಿ ಹತ್ತು ನಿಮಿಷ ನಿಂತು ನೀರು ಕುಡಿದರೆ ಉಳಿದ ಮುನ್ನೂರು ಮೆಟ್ಟಿಲು ಸಲೀಸು. ಆರೋಗ್ಯವಂತರಿಗೆ ಒಟ್ಟು ಒಂದು ಗಂಟೆ ಸಾಕು. ಒಬ್ಬರಿಗೆ ಒಂದು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಬೆಟ್ಟ ದೇವಸ್ಥಾನದ ಜಾಗ, ಬಿಯರಿನ ಮಾತು ಪಾದದಿಂದ ಆಚೆಗೇ ಇರಲಿ. ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಹತ್ತುವುದು ಸಲ್ಲದು. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನ ತಡೆದು ಲಲಿತಮಹಲ್ ಬಳಿಯ ಮೈದಾನದಿಂದ ಬಸ್ ಬಿಡುತ್ತಾರೆ, ಆ ದಿನಗಳನ್ನು ಈ ಪ್ರವಾಸಕ್ಕೆ ಇಟ್ಟುಕೊಳ್ಳಬೇಡಿ.

ತುದಿಯಿಂದ ಊರು ನೋಡಲು ಬೆಳಗೇ ಸರಿಯಾದ ಹೊತ್ತು. ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ಬೆಳಕು ನೇರ ಊರಿನ ಮೇಲೆ ಬೀಳುತ್ತದೆ. 1921ರಲ್ಲಿ ಅಡಿಗಲ್ಲು ಹಾಕಿದ ಲಲಿತಮಹಲಿನ ಬಿಳಿ ಗುಮ್ಮಟ ಬರಿಗಣ್ಣಿಗೆ ಸಿಗುತ್ತದೆ, ಅದರ ಎಡಕ್ಕೆ ಕಾರಂಜಿ ಕೆರೆ, ಅರಮನೆ. ಇಳಿಯಲು 201ನೇ ನಂಬರಿನ ಸಿಟಿ ಬಸ್ ಇದೆ. ಮಂಡಿ ನೋವಿರುವವರು ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆದರಬೇಕು, ಅಂಥವರಿಗೆ ಬಸ್ಸೇ ಕ್ಷೇಮ.

ಮಧ್ಯಾಹ್ನ ಹಗುರ ಊಟ, ಒಂದೆರಡು ಗಂಟೆ ನಿದ್ದೆ, ಸಂಜೆಯೊಳಗೆ ಎರಡು ಲೀಟರ್ ನೀರು. ಬೆವರು ಹರಿಸಿ ಬಾಯಾರಿದ ಹೊಟ್ಟೆಗೆ ಮೊದಲು ಬಿದ್ದದ್ದೇ ಬಿಯರಾದರೆ ರುಚಿ ತಿಳಿಯುವ ಮೊದಲೇ ಅರ್ಧ ಗ್ಲಾಸು ಇಳಿದಿರುತ್ತದೆ, ಮರುದಿನ ತಲೆನೋವು ಖಚಿತ.

ಈಗ ಮೇಜಿನ ವಿಷಯ. ಊರಿನಿಂದ ಬೆಟ್ಟ ಆಗ್ನೇಯಕ್ಕಿದೆ ಎಂದರೆ ಸಂಜೆಯ ಬಿಸಿಲು ನಿಮ್ಮ ಬೆನ್ನ ಕಡೆಯಿಂದ ಬಂದು ಬೆಟ್ಟದ ಮುಖದ ಮೇಲೆ ಬೀಳುತ್ತದೆ. ಬಂಡೆ, ಮೆಟ್ಟಿಲ ಸಾಲು, ರಸ್ತೆಯ ತಿರುವು ಒಂದೊಂದೂ ಬೇರೆಯಾಗಿ ಕಾಣುವುದು ಆಗಲೇ. ಬೆಳಗ್ಗೆ ಅದೇ ತಾರಸಿಯಿಂದ ನೋಡಿದರೆ ಬೆಟ್ಟ ಬರೀ ಕಪ್ಪು ಅಂಚು. ನವೆಂಬರಿನಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ, ಜುಲೈಯಲ್ಲಿ ಆರು ಮುಕ್ಕಾಲು ದಾಟಿ. ಅದಕ್ಕೆ ಒಂದು ಗಂಟೆ ಮೊದಲು ಕುಳಿತಿರಬೇಕು. ಮೇಜು ಹೇಳುವಾಗ ‘ವ್ಯೂ ಇರೋ ಟೇಬಲ್’ ಎಂದರೆ ರಸ್ತೆಯ ಕಡೆಯದನ್ನೂ ಕೊಟ್ಟುಬಿಡುತ್ತಾರೆ. ‘ಬೆಟ್ಟದ ಕಡೆ, ನೆರಳಲ್ಲಿ’ ಎಂದು ಬಿಡಿಸಿ ಹೇಳಿ.

ನೆರಳು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಾಪ್ಸ್‌ನ ಕಹಿ ಅಂಶಕ್ಕೆ ಬಿಸಿಲು ತಾಗಿದರೆ ಅದು ಒಡೆದು ಗಂಧಕ ಸೇರಿದ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ. ಕಂದು ಬಾಟಲಿ ಬಳಸುವುದು ಇದನ್ನು ತಡೆಯಲೆಂದೇ. ಗ್ಲಾಸಿಗೆ ಆ ರಕ್ಷಣೆಯಿಲ್ಲ. ನೇರ ಬಿಸಿಲಿನಲ್ಲಿಟ್ಟ ಪೇಲ್ ಏಲ್ ಎಂಬ ತಿಳಿ ಬಣ್ಣದ, ಹಾಪ್ಸ್ ಹೆಚ್ಚಿರುವ ಬಿಯರ್ ಕೆಲವೇ ನಿಮಿಷದಲ್ಲಿ ಕೆಡುತ್ತದೆ, ನೋಟದ ಆಸೆಗೆ ತಾರಸಿಯ ಅಂಚಿನಲ್ಲಿ ಕುಳಿತವರು ಬಿಯರೇ ಸರಿಯಿಲ್ಲವೆಂದು ಬೈದುಕೊಳ್ಳುತ್ತಾರೆ. ಛತ್ರಿ ಇಲ್ಲದ ಮೇಜಾದರೆ ಗ್ಲಾಸನ್ನು ಮೆನು ಹಲಗೆಯ ನೆರಳಿಗೆ ಸರಿಸಿಡಿ, ಅಷ್ಟು ಸಾಕು.

ಕೂತ ಕೂಡಲೇ ದೊಡ್ಡ ಮಗ್ ಹೇಳಬಾರದು. ಬಹುತೇಕ ಕಡೆ ನಾಲ್ಕರಿಂದ ಆರು ಪುಟ್ಟ ಗ್ಲಾಸುಗಳ ಸ್ಯಾಂಪ್ಲರ್ ಹಲಗೆ ಇರುತ್ತದೆ, ಒಂದೊಂದರಲ್ಲೂ 60ರಿಂದ 100 ಮಿ.ಲೀ. ಹಗುರದಿಂದ ಗಟ್ಟಿಗೆ, ಸಿಹಿಯಿಂದ ಕಹಿಗೆ ಎಂಬ ಕ್ರಮದಲ್ಲಿ ಹೋಗಬೇಕು: ಮೊದಲು ಲಾಗರ್, ನಂತರ ಗೋಧಿಯ ಬಿಯರ್, ರಾಗಿ ಅಥವಾ ಬೆಲ್ಲದ್ದಿದ್ದರೆ ಅದು, ಆಮೇಲೆ ಹಾಪ್ಸ್‌ನ ಕಹಿ ಹೆಚ್ಚಿರುವ ಐಪಿಎ (ಇಂಡಿಯಾ ಪೇಲ್ ಏಲ್), ಕೊನೆಗೆ ಹುರಿದ ಬಾರ್ಲಿಯ ಸ್ಟೌಟ್. ಐಪಿಎಯ ಕಹಿ ಮೊದಲೇ ನಾಲಿಗೆಗೆ ಕೂತರೆ ಗೋಧಿ ಬಿಯರ್ ನೀರಿನಂತೆ ಸಪ್ಪೆಯಾಗುತ್ತದೆ. ಒಂದೊಂದರ ನಡುವೆ ಎರಡು ಗುಟುಕು ನೀರು.

ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಇದನ್ನು ಯಾವಾಗ ಬ್ರೂ ಮಾಡಿದ್ದು, ತೊಟ್ಟಿ ಯಾವಾಗ ತೆರೆದದ್ದು? ಇಂಥ ಬಿಯರನ್ನು ಸಾಮಾನ್ಯವಾಗಿ ಪಾಶ್ಚರೀಕರಿಸುವುದಿಲ್ಲ, ಸೋಸುವುದೂ ಕಡಿಮೆ. ಸಕ್ಕರೆಯನ್ನು ಆಲ್ಕೊಹಾಲ್ ಮಾಡುವ ಯೀಸ್ಟ್ ಅದರಲ್ಲಿ ಜೀವಂತ ಇರುತ್ತದೆ, ಹಾಗಾಗಿ ಎರಡರಿಂದ ನಾಲ್ಕು ಡಿಗ್ರಿಯಲ್ಲೇ ಇರಬೇಕು. ಗೋಧಿ ಬಿಯರ್ ಚೆನ್ನಾಗಿರುವುದು ತಯಾರಾದ ಮೊದಲ ಎರಡು ಮೂರು ವಾರ. ಐಪಿಎಯ ಹಾಪ್ಸ್ ಪರಿಮಳ ಒಂದೆರಡು ತಿಂಗಳಲ್ಲಿ ಮಂಕಾಗುತ್ತದೆ. ಸ್ಟೌಟ್ ನಿಧಾನಕ್ಕೆ ಖರ್ಚಾಗುವುದರಿಂದ ಸೋಮವಾರ ಅದನ್ನು ಒಂದು ಗುಟುಕು ಕೇಳಿ ನೋಡಿಯೇ ಹೇಳುವುದು ಜಾಣತನ. ‘ಸರ್, ಟೇಸ್ಟರ್ ಕೊಡ್ಲಾ?’ ಎಂದು ತಾವಾಗಿ ಕೇಳುವ, ದಿನಾಂಕ ಕೇಳಿದರೆ ಒಳಗೆ ಹೋಗಿ ಬೋರ್ಡ್ ನೋಡಿಕೊಂಡು ಬಂದು ಹೇಳುವ ಹುಡುಗರಿರುವ ಜಾಗವನ್ನು ನಂಬಬಹುದು. ಗೋಡೆಯ ಅಲಂಕಾರಕ್ಕಿಂತ ಈ ದಿನಾಂಕವೇ ಹೋಟೆಲಿನ ಯೋಗ್ಯತೆ ಹೇಳುತ್ತದೆ.

ಗ್ಲಾಸು ಬಂದಾಗ ಮೊದಲು ಅದರ ಒಳಗೋಡೆ ನೋಡಿ. ಗುಳ್ಳೆಗಳು ಗಾಜಿಗೆ ಅಂಟಿಕೊಂಡು ನಿಂತಿದ್ದರೆ ಅಲ್ಲಿ ಜಿಡ್ಡಿದೆ ಎಂದರ್ಥ. ಕಬಾಬಿನ ತಟ್ಟೆ ತೊಳೆದ ನೀರಿನಲ್ಲೇ ಗ್ಲಾಸೂ ಅದ್ದಿದರೆ ಹೀಗಾಗುತ್ತದೆ, ನೊರೆ ಒಂದು ನಿಮಿಷವೂ ನಿಲ್ಲುವುದಿಲ್ಲ. ಶುಚಿಯಾದ ಗ್ಲಾಸಿನಲ್ಲಿ ಎರಡು ಬೆರಳು ನೊರೆ ನಿಂತು, ಕುಡಿದಂತೆಲ್ಲ ಗೋಡೆಯ ಮೇಲೆ ಬಳೆಬಳೆಯಾಗಿ ಉಳಿಯುತ್ತದೆ. ಆಮೇಲೆ ಮೂಗು. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಇರಬೇಕಾದ್ದೇ, ಅದು ಯೀಸ್ಟಿನ ಕೊಡುಗೆ. ಬೆಣ್ಣೆಯ ವಾಸನೆ ಬಂದರೆ ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ತಣ್ಣಗೆ ಮಾಡಿದ್ದಾರೆ, ಇಲ್ಲವೇ ನಲ್ಲಿಯ ಕೊಳವೆ ತೊಳೆದಿಲ್ಲ. ಹಸಿ ಸೇಬಿನ ವಾಸನೆ ಎಳೆ ಬಿಯರಿನದು. ಬೇಯಿಸಿದ ಜೋಳದ ವಾಸನೆ ಇದ್ದರೆ ಕುದಿತ ಸಾಲದು. ವಿನೆಗರ್ ಹುಳಿ ಸೋಂಕಿನ ಗುರುತು. ಅದನ್ನು ವಿನಯದಿಂದ ಹಿಂದಕ್ಕೆ ಕಳಿಸಿ, ಬೇರೆ ಕೇಳಿ. ಕೊಳವೆಗಳನ್ನು ಎರಡು ವಾರಕ್ಕೊಮ್ಮೆಯಾದರೂ ಕ್ಷಾರದಿಂದ ತೊಳೆಯುವ ಕಡೆ ಈ ತೊಂದರೆ ಬರುವುದು ಅಪರೂಪ.

ತಿನ್ನಲು ಏನು ಹೇಳಬೇಕೆಂಬುದನ್ನೂ ಬಿಯರೇ ತೀರ್ಮಾನಿಸಲಿ. ಖಾರಕ್ಕೆ ಕಹಿ ಸೇರಿದರೆ ಉರಿ ಇಮ್ಮಡಿಯಾಗುತ್ತದೆ, ಮೆಣಸಿನಕಾಯಿ ಬಜ್ಜಿಯ ಜೊತೆ ಐಪಿಎ ಬೇಡ. ಬಜ್ಜಿಗೆ, ಚುರುಮುರಿಗೆ ಗೋಧಿ ಬಿಯರ್ ಒಪ್ಪುತ್ತದೆ. ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಸ್ಟೌಟ್ ಸರಿಜೋಡಿ, ಎರಡರಲ್ಲೂ ಹುರಿದ ಕಮಟು ಒಂದೇ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬಂಡೂರು ಹೆಸರಿನ ಕುರಿ, ಜನರ ಬಾಯಲ್ಲಿ ಬನ್ನೂರು ಕುರಿ, ಗಿಡ್ಡ ಕಾಲಿನದು. ಅದರ ಕೊಬ್ಬು ಮಾಂಸದೊಳಗೇ ಹರಡಿರುತ್ತದೆ. ಬೆಲ್ಲದ ಏಲ್ ಜೊತೆ ಅದರ ಕೈಮಾ ಉಂಡೆ ತಿಂದವರು ಬೇರೆ ಜೋಡಿ ಹುಡುಕುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬಂದರೆ ಹುರಿದ ಅವರೆಕಾಳು ಕೇಳಿ, ಮೆನುವಿನಲ್ಲಿ ಇಲ್ಲದಿದ್ದರೂ ಅಡಿಗೆಮನೆಯಲ್ಲಿ ಇರುವುದುಂಟು. ಮುದ್ದೆಯನ್ನು ಮಾತ್ರ ಮರುದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಗ್ಯಾಸು ತುಂಬಿದ ಬಿಯರಿನ ಮೇಲೆ ಮುದ್ದೆ ಬಿದ್ದರೆ ರಾತ್ರಿಯಿಡೀ ಹೊಟ್ಟೆ ಭಾರ.

ಹಿಂದಿರುಗಲು ಆಟೊ ಅಥವಾ ಟ್ಯಾಕ್ಸಿ, ಬೇರೆ ಮಾತಿಲ್ಲ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಶೇ. 5ರ ಬಿಯರಿನ ಅರ್ಧ ಲೀಟರಿನಲ್ಲಿ ಸುಮಾರು 20 ಗ್ರಾಂ ಆಲ್ಕೊಹಾಲ್ ಇದೆ, ಸಾಧಾರಣ ಮೈಕಟ್ಟಿನವರು ಬೇಗ ಕುಡಿದರೆ ಆ ಒಂದೇ ಮಗ್ ಮಿತಿ ದಾಟಿಸಲು ಸಾಕು. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಎರಡನೇ ದಿನ, ಮಂಗಳವಾರ

ಇದು ಬಿಯರಿಲ್ಲದ ಹಗಲು. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ತಿರುಗಿದರೆ ಕುಂತಿಬೆಟ್ಟದ ಜೋಡಿ ಬಂಡೆಗಳು ದೂರದಿಂದಲೇ ದಾರಿ ತೋರುತ್ತವೆ. ಹಿರೋಡೆ ಎಂಬ ಹಳೆಯ ಹೆಸರಿನ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಪರ ನಿಂತ ಫ್ರೆಂಚ್ ಸೈನಿಕರು ಇಲ್ಲಿ ಬೀಡು ಬಿಟ್ಟಿದ್ದರಿಂದ. ಬಂಡೆ ಹತ್ತುವವರು ಬೆಳಗ್ಗೆ ಏಳಕ್ಕೇ ಶುರು ಮಾಡಬೇಕು, ಬೇಸಿಗೆಯಲ್ಲಿ ಹತ್ತರ ಹೊತ್ತಿಗೆ ಕಲ್ಲು ಕಾದು ಕೈ ಊರಲಾಗದು. ಮಳೆ ಬಿದ್ದ ಮರುದಿನ ಬೋಳು ಬಂಡೆ ಪಾಚಿಗೆ ಜಾರುತ್ತದೆ, ಅಂದು ಬುಡದ ಕೊಳದ ಬಳಿಯೇ ನಿಲ್ಲುವುದು ವಾಸಿ. ಹಿಡಿತವಿರುವ ಷೂ ಬೇಕು, ಚಪ್ಪಲಿ ಸಾಲದು.

ಅಲ್ಲಿಂದ ತೊಣ್ಣೂರು ಕೆರೆಯ ಏರಿ, ನಂತರ ಮೇಲುಕೋಟೆ. ಯೋಗನರಸಿಂಹನ ಬೆಟ್ಟ ಹತ್ತಿ ಇಳಿದು, ಕಲ್ಯಾಣಿಯ ಮೆಟ್ಟಿಲಲ್ಲಿ ಕುಳಿತು ಪುಳಿಯೋಗರೆ, ಸಕ್ಕರೆ ಪೊಂಗಲ್. ಇಲ್ಲಿನ ವೈರಮುಡಿ ಉತ್ಸವದ ದಿನಗಳಲ್ಲಿ, ಅಂದರೆ ಮಾರ್ಚ್–ಏಪ್ರಿಲ್ ಹೊತ್ತಿಗೆ, ಕಾರು ನಿಲ್ಲಿಸಲು ಜಾಗವೇ ಇರುವುದಿಲ್ಲ.

ಈ ದಿನದ ಮುಖ್ಯ ಕೆಲಸ ಹಿಂದಿರುಗುವ ದಾರಿಯಲ್ಲಿದೆ. ಕೆಆರ್‌ಎಸ್‌ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಈ ಬಯಲಿಗೆ ಕಬ್ಬು, ಭತ್ತ ತಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯಿತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬರುತ್ತದೆ. ಪಾಂಡವಪುರದಿಂದ ಮಂಡ್ಯದವರೆಗಿನ ರಸ್ತೆಗಳಲ್ಲಿ ಹೊಗೆ ಏಳುವ ಚಿಮಣಿ, ಬಿಸಿಲಿಗೆ ಹರವಿದ ಕಬ್ಬಿನ ಸಿಪ್ಪೆ ಕಂಡರೆ ಅಲ್ಲಿ ನಿಲ್ಲಿ. ಮಳೆಗಾಲದಲ್ಲಿ ಕಡಿಮೆ, ಸಿಪ್ಪೆ ಒಣಗದಿದ್ದರೆ ಒಲೆ ಉರಿಯುವುದಿಲ್ಲ.

ಗಾಣದಿಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಇಳಿಯುತ್ತದೆ. ಸುಣ್ಣದ ತಿಳಿ ಹಾಕಿ ಹುಳಿ ಮುರಿಯುತ್ತಾರೆ, ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ಮಡ್ಡಿಯಾಗಿ ಮೇಲೆ ಬಂದು ನಿಲ್ಲುತ್ತದೆ, ಅದನ್ನು ಜಾಲರಿಯಲ್ಲಿ ಎತ್ತಿ ಹಾಕುತ್ತಾರೆ. ಪಾಕ 118 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ಕುದಿಯಬೇಕು. ಥರ್ಮಾಮೀಟರ್ ಇಲ್ಲದ ಕಡೆ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ನೂರು ಕೆ.ಜಿ. ಕಬ್ಬಿಗೆ ಹತ್ತು ಕೆ.ಜಿ.ಯ ಸುತ್ತಮುತ್ತ ಬೆಲ್ಲ.

ಬಿಯರಿಗೆ ಬೇಕಾದ ಬೆಲ್ಲ ಯಾವುದೆಂದು ಅಚ್ಚಿನ ಬಣ್ಣವೇ ಹೇಳುತ್ತದೆ. ‘ಯಾಕಣ್ಣ, ಇದು ಇಷ್ಟೊಂದು ಕಪ್ಪು?’ ಎಂದು ಕೇಳಿದರೆ ಆಲೆಮನೆಯವರ ಉತ್ತರ ಚುಟುಕು: ‘ಹೈಡ್ರೋಸ್ ಹಾಕಿಲ್ಲ ಕಣಣ್ಣ, ಅದ್ಕೆ.’ ಚಿನ್ನದ ಬಣ್ಣ ಬರಲೆಂದು ಹಾಕುವ ಹೈಡ್ರೋಸ್ ಬೆಲ್ಲದಲ್ಲಿ ಗಂಧಕದ ಅಂಶ ಉಳಿಸುತ್ತದೆ. ಅದು ಹೆಚ್ಚಿದ್ದರೆ ಯೀಸ್ಟ್ ಮಂಕಾಗುತ್ತದೆ, ಗ್ಲಾಸಿನಲ್ಲಿ ಬೆಂಕಿಕಡ್ಡಿ ಗೀರಿದ ವಾಸನೆ ಇಣುಕುತ್ತದೆ. ಹೈಡ್ರೋಸ್ ಇಲ್ಲದ ಕಪ್ಪು ಬೆಲ್ಲಕ್ಕೆ ಸಂತೆಯಲ್ಲಿ ಬೆಲೆ ಕಡಿಮೆ ಸಿಗುವುದೇ ಹೆಚ್ಚು, ಆದರೆ ಬಿಯರಿಗೆ ಬೇಕಾದ ಕಮಟು ಪರಿಮಳ ಇರುವುದು ಅದರಲ್ಲೇ. ಇಲ್ಲಿ ಒಂದು ತುಂಡು ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ಆ ರುಚಿ ನೆನಪಿಟ್ಟುಕೊಳ್ಳಿ.

ರಾತ್ರಿ ಮೈಸೂರಿಗೆ ಬಂದು ಅದೇ ಹೋಟೆಲಿನಲ್ಲಿ ಬೆಲ್ಲದ ಏಲ್ ಒಂದು ಗ್ಲಾಸು ಮಾತ್ರ. ಬೆಲ್ಲದ ಸಿಹಿ ಅದರಲ್ಲಿ ಇರುವುದಿಲ್ಲ, ಯೀಸ್ಟ್ ಅದನ್ನು ಪೂರ್ತಿ ತಿಂದಿರುತ್ತದೆ. ಉಳಿಯುವುದು ಕೊಪ್ಪರಿಗೆಯ ತಳದ ಆ ಕಮಟು, ಗಂಟಲಲ್ಲಿ ಸ್ವಲ್ಪ ಬಿಸಿ. ಸಿಹಿ ಢಾಳಾಗಿ ಹೊಡೆದರೆ ಬೆಲ್ಲವನ್ನು ಕೊನೆಗೆ ಪಾಕ ಮಾಡಿ ಬೆರೆಸಿದ್ದಾರೆಂದು ತಿಳಿಯಿರಿ. ಇದೇ ಹೊತ್ತಿಗೆ ನಾಳೆಯ ಬ್ರೂ ನೋಡಲು ಅನುಮತಿ ಕೇಳಿಟ್ಟುಕೊಳ್ಳಬೇಕು. ಹಿಂದಿನ ದಿನವೇ ಕೇಳಿದರೆ ಬೇಡವೆನ್ನುವವರು ಕಡಿಮೆ.

ಮೂರನೇ ದಿನ, ಬುಧವಾರ

ಬೆಳಗ್ಗೆ ಎಂಟಕ್ಕೆ ಕೆಳಮಹಡಿ. ಮುಚ್ಚಿದ ಷೂ ಹಾಕಿರಬೇಕು, ನೆಲದ ಮೇಲೆ ಬಿಸಿನೀರು, ತೊಳೆಯಲು ಬಳಸುವ ಕಾಸ್ಟಿಕ್ ಕ್ಷಾರ ಹರಿದಿರುತ್ತದೆ. ಅತ್ತರು, ಸೆಂಟು ಬೇಡ. ಏನನ್ನೂ ಮುಟ್ಟುವ ಮೊದಲು ಕೇಳಿ.

ಐನೂರು ಲೀಟರಿನ ರಾಗಿ–ಬೆಲ್ಲದ ಬ್ರೂ ಎಂದರೆ ಲೆಕ್ಕ ಹೆಚ್ಚುಕಡಿಮೆ ಹೀಗೆ: ಬಾರ್ಲಿ ಮತ್ತು ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) 80 ಕೆ.ಜಿ., ರಾಗಿ 15 ಕೆ.ಜಿ., ಬೆಲ್ಲ 5 ಕೆ.ಜಿ., ಭತ್ತದ ಹೊಟ್ಟು 3ರಿಂದ 4 ಕೆ.ಜಿ., ಹಾಪ್ಸ್ ಅರ್ಧ ಕೆ.ಜಿ., ಒಣ ಯೀಸ್ಟ್ 250ರಿಂದ 400 ಗ್ರಾಂ. ಮಾಲ್ಟ್ ಮಿಲ್ಲಿನಲ್ಲಿ ಹಿಟ್ಟಾಗಬಾರದು, ನುಚ್ಚಾಗಬೇಕು, ಸಿಪ್ಪೆ ಇಡಿಯಾಗಿ ಉಳಿಯಬೇಕು. ಆ ಸಿಪ್ಪೆಯ ಹಾಸೇ ಮುಂದೆ ಜರಡಿಯಾಗುತ್ತದೆ.

ರಾಗಿಯ ಗಂಜಿ (ಪಿಷ್ಟ) ಬಾರ್ಲಿಯದಕ್ಕಿಂತ ಹೆಚ್ಚು ಶಾಖಕ್ಕೆ ಬೇಯುವಂಥದ್ದು, ಹಾಗಾಗಿ ಅದನ್ನು ಬೇರೆಯಾಗಿ 60 ಲೀಟರ್ ನೀರಿನಲ್ಲಿ ಅಂಬಲಿಯಂತೆ ಕುದಿಸುತ್ತಾರೆ. ಅತ್ತ ಮಾಲ್ಟನ್ನು 240 ಲೀಟರ್ ನೀರಿನಲ್ಲಿ 58 ಡಿಗ್ರಿಯಲ್ಲಿಟ್ಟಿರುತ್ತಾರೆ. ಕುದಿಯುವ ಅಂಬಲಿಯನ್ನು ಅದಕ್ಕೆ ಸುರಿದು ಕಲಕಿದರೆ ಒಟ್ಟು ಶಾಖ 66ರ ಸುತ್ತ ಬಂದು ನಿಲ್ಲುತ್ತದೆ, ಬೇರೆ ಉರಿ ಬೇಕಿಲ್ಲ. ಗಂಜಿಯನ್ನು ಸಕ್ಕರೆ ಮಾಡುವ ಮಾಲ್ಟಿನ ಕಿಣ್ವಗಳಿಗೆ ಇದೇ ಹಿತವಾದ ಮಟ್ಟ. 70 ದಾಟಿದರೆ ಅವು ಬೇಗ ಸಾಯುತ್ತವೆ, ಬಿಯರ್ ಮಂದವಾಗಿ, ಅಂಟಂಟಾಗಿ ಉಳಿಯುತ್ತದೆ. ಒಂದು ಗಂಟೆಯ ನಂತರ ಬಿಳಿ ಬಸಿಯಲ್ಲಿ ಒಂದು ಚಮಚ ರಸ ತೆಗೆದು ಒಂದು ತೊಟ್ಟು ಅಯೋಡಿನ್ ಬಿಡುತ್ತಾರೆ. ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿದರೆ ಗಂಜಿಯೆಲ್ಲ ಸಕ್ಕರೆಯಾಗಿದೆ. ಅಂಚಿನಲ್ಲಿ ನೀಲಿ ಹರಿದರೆ ಇನ್ನೂ ಹದಿನೈದು ನಿಮಿಷ ಕಾಯಬೇಕು.

ರಾಗಿಯನ್ನು ಹೊಸಬರ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಉಗಾಂಡದಲ್ಲಿ, ನೇಪಾಳ ಮತ್ತು ಸಿಕ್ಕಿಂ ಬೆಟ್ಟಗಳಲ್ಲಿ ರಾಗಿಯಿಂದ ಬಿಯರ್ ಮಾಡುವುದು ತಲೆತಲಾಂತರದ ರೂಢಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮದರ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ರಾಗಿ ಹುಟ್ಟಿದ ಜಿಲ್ಲೆಯ ಪಕ್ಕದಲ್ಲೇ ರಾಗಿ ಬಿಯರ್ ಕುದಿಯುವುದು ಎಲ್ಲ ರೀತಿಯಿಂದಲೂ ಒಪ್ಪುವ ಸಂಗತಿ.

ರಾಗಿಯಿಂದ ಬರುವ ತೊಂದರೆ ಬೇರೆಯದು. ಅದಕ್ಕೆ ಬಾರ್ಲಿಯಂಥ ಸಿಪ್ಪೆಯಿಲ್ಲ, ಗೋಧಿಗೂ ಇಲ್ಲ. ರಸ ಬಸಿಯುವಾಗ ತಳದ ಜಾಲರಿಯ ಮೇಲೆ ಅಂಟು ಹಿಟ್ಟು ಕೂತು ಹರಿವು ನಿಂತುಬಿಡುತ್ತದೆ. ಪಂಪಿನ ಸದ್ದು ಏರುತ್ತದೆ, ನೋಟದ ಗಾಜಿನಲ್ಲಿ ರಸದ ಬದಲು ಗಾಳಿಗುಳ್ಳೆ ಕಾಣುತ್ತದೆ. ಆಗ ಪಂಪಿನ ವೇಗ ಹೆಚ್ಚಿಸಿದರೆ ಹಾಸು ಇನ್ನೂ ಬಿಗಿಯಾಗುತ್ತದೆ. ಮಾಡಬೇಕಾದ್ದು ಪಂಪು ನಿಲ್ಲಿಸಿ, ಕೆಳಗಿನಿಂದ ಸ್ವಲ್ಪ ಬಿಸಿನೀರು ನುಗ್ಗಿಸಿ ಹಾಸನ್ನು ಎತ್ತಿ, ಮೇಲಿನ ಒಂದು ಗೇಣು ನಿಧಾನಕ್ಕೆ ಕೆದಕಿ, ಹತ್ತು ನಿಮಿಷ ಕೂರಲು ಬಿಟ್ಟು, ಸಣ್ಣ ಧಾರೆಯಲ್ಲಿ ಮತ್ತೆ ಶುರು ಮಾಡುವುದು. ಭತ್ತದ ಹೊಟ್ಟು ಹಾಕುವುದು ಈ ಕಾರಣಕ್ಕೇ. ಅದಕ್ಕೆ ರುಚಿಯಿಲ್ಲ, ಹಾಸಿನಲ್ಲಿ ದಾರಿ ಬಿಡಿಸುವುದಷ್ಟೇ ಅದರ ಕೆಲಸ. ಮಂಡ್ಯದ ಅಕ್ಕಿ ಗಿರಣಿಗಳಲ್ಲಿ ರಾಶಿ ಬೀಳುವ ಹೊಟ್ಟಿಗೆ ಇದಕ್ಕಿಂತ ಮರ್ಯಾದೆಯ ಉದ್ಯೋಗ ಇಲ್ಲ. ತಂದದ್ದನ್ನು ಎರಡು ಸಲ ಬಿಸಿನೀರಿನಲ್ಲಿ ತೊಳೆಯದಿದ್ದರೆ ಮಾತ್ರ ಧೂಳಿನ ವಾಸನೆ ಬಿಯರಿಗೆ ಇಳಿಯುತ್ತದೆ.

ಹಾಸಿನ ಮೇಲೆ 76 ಡಿಗ್ರಿಯ ನೀರನ್ನು 350 ಲೀಟರಿನಷ್ಟು ಚಿಮುಕಿಸಿ ಉಳಿದ ಸಿಹಿಯನ್ನೂ ತೊಳೆದುಕೊಂಡರೆ, ಧಾನ್ಯ ಹೀರಿದ್ದು ಕಳೆದು ಕುದಿಸುವ ಪಾತ್ರೆಗೆ 550 ಲೀಟರ್ ಬರುತ್ತದೆ. ಮೈಸೂರಿನ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿ ದಾಟಿದ ಮೇಲೆ, ನೂರರಲ್ಲಿ ಅಲ್ಲ. ಹಾಪ್ಸ್‌ನ ಕಹಿ ಬಿಡುವುದೂ, ಜೋಳದ ವಾಸನೆ ಹಾರುವುದೂ ಇದರಿಂದ ತುಸು ನಿಧಾನ. ಅದಕ್ಕೇ ಅರವತ್ತರ ಬದಲು ಎಪ್ಪತ್ತೈದು ನಿಮಿಷ ಕುದಿಸುವುದು ಒಳ್ಳೆಯದು. ಬೆಲ್ಲ ಬೀಳುವುದು ಕೊನೆಯ ಹತ್ತು ನಿಮಿಷದಲ್ಲಿ, ಉರಿ ಆರಿಸಿ, ಬಿಸಿ ರಸದಲ್ಲಿ ಕರಗಿಸಿ ಸೋಸಿಕೊಂಡು. ಅಚ್ಚನ್ನು ಹಾಗೇ ಎಸೆದರೆ ತಳಕ್ಕೆ ಕೂತು ಸೀದುಹೋಗುತ್ತದೆ, ಆ ಸೀದ ಕಹಿಗೆ ಮದ್ದಿಲ್ಲ. ಐದು ಕೆ.ಜಿ. ಬೆಲ್ಲ ಐನೂರು ಲೀಟರಿನ ಆಲ್ಕೊಹಾಲನ್ನು ಸುಮಾರು ಅರ್ಧ ಶೇಕಡಾ ಏರಿಸುತ್ತದೆ. ಹತ್ತು ಕೆ.ಜಿ. ದಾಟಿಸಿದರೆ ಬಿಯರ್ ತೆಳ್ಳಗಾಗುತ್ತ ಹೋಗಿ ಹಣ್ಣಿನ ಹುಳಿರಸದ ಕಡೆ ವಾಲುತ್ತದೆ.

ಕುದಿ ನಿಂತ ಕ್ಷಣದಿಂದ ಶುಚಿಯೇ ಎಲ್ಲ. ರಸ ತಟ್ಟೆ ಜೋಡಣೆಯ ತಣಿಸುವ ಯಂತ್ರದ ಮೂಲಕ 18–20 ಡಿಗ್ರಿಗೆ ಇಳಿದು ಫರ್ಮೆಂಟರ್ ಎಂಬ ಹುದುಗಿಸುವ ತೊಟ್ಟಿ ಸೇರುತ್ತದೆ. ಆ ತೊಟ್ಟಿಯನ್ನು ಮೊದಲೇ ಶೇ. 2ರ ಬಿಸಿ ಕಾಸ್ಟಿಕ್‌ನಿಂದ ಅರ್ಧ ಗಂಟೆ ತೊಳೆದು, ನೀರು ಹಾಯಿಸಿ, ಪೆರಾಸೆಟಿಕ್ ಆಮ್ಲದಿಂದ ಶುದ್ಧಿ ಮಾಡಿರಬೇಕು. ಯೀಸ್ಟ್ ಹಾಕಿದ ಮೇಲೆ ಅದೇ ಶಾಖ ಹುಟ್ಟಿಸುತ್ತದೆ, ತೊಟ್ಟಿಯ ಹೊರ ಜಾಕೆಟ್ಟಿನಲ್ಲಿ ತಣ್ಣನೆಯ ಗ್ಲೈಕಾಲ್ ದ್ರವ ಹರಿಯುತ್ತಿದ್ದರೆ ಮಾತ್ರ ಅಂಕೆಯಲ್ಲಿರುತ್ತದೆ. ಏಪ್ರಿಲ್ ಸೆಕೆಯಲ್ಲಿ ಕರೆಂಟು ಹೋಗಿ ಜನರೇಟರ್ ಗ್ಲೈಕಾಲ್ ತಣಿಸುವ ಚಿಲ್ಲರ್‌ಗೆ ಜೋಡಿಸಿಲ್ಲದಿದ್ದರೆ ಕೆಲವೇ ಗಂಟೆಯಲ್ಲಿ ಶಾಖ 25 ದಾಟುತ್ತದೆ. ಬಾಳೆಹಣ್ಣಿನ ಪರಿಮಳ ಇರಬೇಕಾದಲ್ಲಿ ನೇಲ್ ಪಾಲಿಶಿನ ಘಾಟು ಬರುವುದು ಇಂಥ ರಾತ್ರಿಯಿಂದ. ಜನರೇಟರಿಗೆ ದೀಪ, ಫ್ಯಾನಿಗಿಂತ ಮೊದಲು ಚಿಲ್ಲರ್ ಜೋಡಿಸಿರುವ ಹೋಟೆಲಿಗೆ ಬಿಯರಿನ ಮೇಲೆ ನಿಜವಾದ ಪ್ರೀತಿಯಿದೆ, ಅದನ್ನು ಕೇಳಿ ತಿಳಿದುಕೊಳ್ಳಿ.

ಹನ್ನೊಂದರ ಸುಮಾರಿಗೆ ಮಾಲ್ಟಿನ ಚರಟ ಹೊರಗೆ ಬರುತ್ತದೆ, ನೂರು ಕೆ.ಜಿ. ಧಾನ್ಯಕ್ಕೆ ನೂರಿಪ್ಪತ್ತು ಕೆ.ಜಿ.ಗೂ ಮೀರಿ ಹಸಿ ಚರಟ. ಹಸುಗಳಿಗೆ ಒಳ್ಳೆಯ ಮೇವು, ಆದರೆ ನಮ್ಮ ಸೆಕೆಗೆ ಒಂದೇ ದಿನದಲ್ಲಿ ಹುಳಿಯುತ್ತದೆ. ಅಂದೇ ಒಯ್ಯುವ ಹಾಲಿನವರಿದ್ದರೆ ಸರಿ, ಇಲ್ಲದಿದ್ದರೆ ಹಿತ್ತಲಲ್ಲಿ ನೊಣ ಮುತ್ತುತ್ತದೆ. ತಾರಸಿಗೆ ಹುಳಿ ವಾಸನೆ ಬರುವ ಹೋಟೆಲಿನಲ್ಲಿ ಈ ಡ್ರಮ್ಮುಗಳನ್ನೇ ಮೊದಲು ಹುಡುಕಬೇಕು.

ಇಂದು ಕುದಿಸಿದ್ದು ನಲ್ಲಿಗೆ ಬರಲು ಹತ್ತರಿಂದ ಹದಿನಾಲ್ಕು ದಿನ: ನಾಲ್ಕಾರು ದಿನ ಹುದುಗು, ಎರಡು ದಿನ ಬೆಣ್ಣೆ ವಾಸನೆ ಕಳೆಯಲು ಬೆಚ್ಚಗೆ ಬಿಡುವುದು, ಉಳಿದದ್ದು ಎರಡು ಡಿಗ್ರಿಯಲ್ಲಿ ತಿಳಿಯಾಗಲು. ಲಾಗರ್ ಆದರೆ ನಾಲ್ಕರಿಂದ ಆರು ವಾರ. ತೊಟ್ಟಿಯ ನಂಬರು, ತಾರೀಖು ಬರೆದುಕೊಂಡು ಹೋಗಿ, ಬರುವ ಮೊದಲು ಫೋನ್ ಮಾಡಿ ಆ ತೊಟ್ಟಿ ತೆರೆದಿದ್ದಾರೆಯೇ ಎಂದು ಕೇಳಿ. ಅಕ್ಟೋಬರ್ 2, ಮತದಾನ ಮುಗಿಯುವವರೆಗಿನ 48 ಗಂಟೆಗಳಂಥ ಮದ್ಯ ಮಾರದ ದಿನಗಳನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ದಸರೆಯ ಹತ್ತು ದಿನ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಇಳಿದು ಬೆಟ್ಟ ಗಂಟೆಗಟ್ಟಲೆ ಮರೆಯಾಗುತ್ತದೆ, ಛಾವಣಿಯ ಅಡಿಯ ಮೇಜು ಹೇಳಬೇಕು. ನವೆಂಬರ್‌ನಿಂದ ಫೆಬ್ರವರಿವರೆಗಿನ ವಾರದ ದಿನವಾದರೆ, ಐದು ಗಂಟೆಗೆ, ಬೆಟ್ಟದ ಕಡೆ, ನೆರಳಲ್ಲಿ.